ನನ್ನ ದನಿಯ ನಾಲ್ಕು ನಿಮಿಷ

ಒಟ್ಟು ಖರ್ಚು ನಾನೂರ ಮೂವತ್ತೆಂಟು ರೂಪಾಯಿ. ಅರ್ಜಿಗೆ ಅಂಟಿಸಿದ ಸ್ಟಾಂಪು ಹತ್ತು. ಸ್ಪೀಡ್ ಪೋಸ್ಟು, ಝೆರಾಕ್ಸು ಸೇರಿ ಎಪ್ಪತ್ತೆಂಟು. ಹೋಗಿಬರುವ ಆಟೋಗೆ ಮುನ್ನೂರ ಐವತ್ತು. ಆಟೋದವನು ಕೇಳಿದ್ದು ಐನೂರು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇಷ್ಟು ಸುರಿದು ನಾನು ಕೇಳಿಸಿಕೊಂಡು ಬಂದದ್ದು ನಾಲ್ಕು ನಿಮಿಷದ ನನ್ನದೇ ದನಿಯನ್ನು. ಮನೆಯಲ್ಲಿ ದಿನವಿಡೀ ಪುಕ್ಕಟೆ ಸಿಗುವ ಸಾಮಾನು ಅದು. ಪುಕ್ಕಟೆಯಾದರೂ ದುಬಾರಿ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ನನ್ನ ಕಸುಬು ಹಳೆಯ ಕಚೇರಿ ಪೀಠೋಪಕರಣ ಕೊಂಡು ಮಾರುವುದು. ಚೆನ್ನೈನ ಪೆರುಂಗುಡಿಯಲ್ಲಿ ಯಾವುದಾದರೂ ಕಂಪನಿ ಜಾಗ ಖಾಲಿ ಮಾಡುತ್ತದೆ ಎಂದು ತಿಳಿದರೆ ಅವರ ಸಿಬ್ಬಂದಿಗಿಂತ ಮೊದಲು ಅಲ್ಲಿ ನಾನಿರುತ್ತೇನೆ. ಶಿರಾದಿಂದ ಒಂದು ಚೀಲ ಹಿಡಿದು ಮದರಾಸಿಗೆ ಬಂದವನು, ಇಂದು ಅಡ್ಯಾರಿನಲ್ಲಿ ಎರಡಂತಸ್ತಿನ ಮನೆ ಕಟ್ಟಿಕೊಂಡಿದ್ದರೆ ಅದಕ್ಕೆ ಕಾರಣ ಒಂದೇ ಅಭ್ಯಾಸ: ನನ್ನ ಕೈಯಲ್ಲಿ ಏನಿದೆ ಎಂದು ನಾನು ಮೊದಲು ಬಾಯಿ ಬಿಡುವುದಿಲ್ಲ. ಎದುರಿನವರು ಒಂದು ಅಂಕಿ ಹೇಳಲಿ, ಆಮೇಲೆ ನನ್ನ ಮಾತು. ಇದನ್ನು ಕೇಳಿದವರಿಗೂ ಕೇಳದವರಿಗೂ ಬಹಳ ಸಲ ಉಪದೇಶಿಸಿದ್ದೇನೆ.

ಮನೆಯ ಕೆಳಗಿನ ಭಾಗದಲ್ಲಿ ನನ್ನ ಅಕ್ಕ, ಭಾವ ಇದ್ದಾರೆ. ಭಾವ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಅವರು ಎಳೆದ ಗೆರೆಗೆ ಸ್ಕೇಲು ಇಟ್ಟು ನೋಡಿದರೆ ಸ್ಕೇಲನ್ನೇ ಅನುಮಾನಿಸಬೇಕು, ಅಂಥ ಕೈ. ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಅಕ್ಕನಿಗೆ ತಮಿಳು ತರಕಾರಿ ಅಂಗಡಿಯ ಮಟ್ಟಿಗೆ ಸಾಕು, ಅದರಾಚೆಗೆ ಇಲ್ಲ. ಅವಳು ಕೂಗಿದಳು, ನಾನು ಇಳಿದು ಬಂದೆ, ಆಂಬುಲೆನ್ಸಿಗೆ ಫೋನು ಮಾಡಿದೆ. ವ್ಯಾನು ಬಂತು, ಭಾವ ಉಳಿದರು. ಬಲಗೈ ಮಾತ್ರ ಇನ್ನೂ ಅವರ ಮಾತು ಕೇಳುತ್ತಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆಲ್ಲ ಒಬ್ಬ ಅಪರಾಧಿ ಬೇಕಾಗುತ್ತಾನೆ. ನಾನು ಫೋನೆತ್ತಿದ ಹುಡುಗಿಯನ್ನು ಆರಿಸಿದೆ. ಸುಮ್ಮನೆ ವ್ಯಾನು ಕಳಿಸುವುದು ಬಿಟ್ಟು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಹೊತ್ತು ಕಳೆದಳು ಎಂದು ದೂರು ಬರೆದು ಅಕ್ಕನ ಕೈಯಲ್ಲಿ ಸಹಿ ಹಾಕಿಸಿದೆ. "ನಿಜವೇನೋ ನಾಗೂ?" ಎಂದು ಕೇಳಿದಳು. "ನಾನು ಕಿವಿಯಾರೆ ಕೇಳಿದೀನಿ" ಎಂದೆ. ತಿಂಗಳೊಳಗೆ ಉತ್ತರ ಬಂತು: ವಿಚಾರಣೆ ಮುಗಿಯುವವರೆಗೆ ಆಕೆಯನ್ನು ಫೋನಿನ ಕೆಲಸದಿಂದ ಇಳಿಸಿದ್ದೇವೆ. ಆ ಕಾಗದವನ್ನು ನಾನು ಎರಡು ಸಲ ಓದಿ ಮಡಿಸಿಟ್ಟೆ. ಇನ್ನು ಸಾಕ್ಷಿಯೊಂದು ಸಿಕ್ಕಿಬಿಟ್ಟರೆ ವ್ಯಾಪಾರ ಮುಗಿದಂತೆ ಎಂದುಕೊಂಡು ಆ ಕರೆಯ ಧ್ವನಿಮುದ್ರಣ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ.

ಕೊಡಲಿಲ್ಲ. ರೋಗಿಯ ಖಾಸಗಿ ವಿಷಯ ಅದರಲ್ಲಿದೆಯಂತೆ. ನನಗೆ ನಗು ಬಂತು. ನಮ್ಮ ತೆರಿಗೆಯ ದುಡ್ಡು, ನಮ್ಮ ಫೋನು, ನಮ್ಮ ಭಾವ, ಮತ್ತೆ ಖಾಸಗಿ ಯಾರಿಂದ? ಕೆಲವು ದೇಶಗಳಲ್ಲಿ ಇಂಥ ಕರೆಗಳನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದಂತೆ, ಟೀವಿಯಲ್ಲೂ ಹಾಕುತ್ತಾರಂತೆ. ಬೆಳಗಿನ ವಾಕಿಂಗ್ ಗೆಳೆಯರ ಮುಂದೆ ನಾನು ಈ ಬಗ್ಗೆ ಭಾಷಣವನ್ನೇ ಮಾಡಿದೆ. ಸರ್ಕಾರಿ ಕಿವಿಗೆ ಬಿದ್ದದ್ದೆಲ್ಲ ಸಾರ್ವಜನಿಕ, ಮುಚ್ಚಿಡುವವರಿಗೆ ಏನೋ ಅಳುಕಿರುತ್ತದೆ ಎಂದೆ. ಅಳುಕು ಯಾರಿಗಿರಬೇಕಿತ್ತೆಂದು ಆಗ ಗೊತ್ತಿರಲಿಲ್ಲ. ಮೇಲ್ಮನವಿ ಹಾಕಿದೆ. ಅದಕ್ಕೆ ಭಾವನ ಒಪ್ಪಿಗೆ ಪತ್ರ ಲಗತ್ತಿಸಿದೆ. ಎಡಗೈಯಲ್ಲಿ ಮಾಡಿದ ಸಹಿ, ಒಂದನೇ ಕ್ಲಾಸಿನ ಮಗು ಬರೆದಂತಿತ್ತು.

ಮೇಲ್ಮನವಿ ಕೇಳಿದ ಅಧಿಕಾರಿಣಿ ನನ್ನ ಹೆಸರು, ಊರು ಓದಿ ಕನ್ನಡಕ ಮೇಲೆತ್ತಿದರು. "ಕನ್ನಡದವರಾ ಸಾರ್? ನಾವೂ ಮನೇಲಿ ಕನ್ನಡಂ ತಾನೆ. ತಾತ ಕಾಲದಿಂದ ಇಲ್ಲೇ. ಆನಾ, ಆದ್ರೆ ಅಂತೀರಲ್ಲ, ನಾವು ಮಾತಾಡಿದ್ರೆ ನಿಮ್ಮೂರೋರು ನಗ್ತಾರೆ."

ಭಾಷೆ ಒಂದಾದರೆ ಬೆಲೆ ಇಳಿಯುತ್ತದೆಂಬುದು ನನ್ನ ಅನುಭವ. "ಹಾಗಾದ್ರೆ ನಮ್ಮವ್ರೇ ಆದ್ರಿ ಮೇಡಂ. ಒಂದು ಸಿ.ಡಿ. ಹಾಕಿಸಿ ಕೊಟ್ಬಿಡಿ, ದರಾನೂ ನೀವೇ ನೋಡಿ ಮಾಡಿ" ಎಂದೆ.

"ಮೊದ್ಲು ಕೂತು ಕೇಳಿ ಸಾರ್. ಕೇಳೋಕೆ ಕಾಸಿಲ್ಲ. ಸಿ.ಡಿ. ಬೇಕಾ ಬೇಡ್ವಾ ಅಂತ ಆಮೇಲೆ ಮುಡಿವು ಮಾಡಿ" ಎಂದು ತೀರ್ಮಾನವನ್ನು ನನಗೇ ಬಿಟ್ಟು ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ಕರೆ ನಡೆದದ್ದು ತಮಿಳಿನಲ್ಲಿ, ಕನ್ನಡಕ್ಕೆ ತಂದು ಹೇಳುತ್ತೇನೆ. ಹುಡುಗಿ ಕೇಳುತ್ತಾಳೆ: "ಮನೆ ನಂಬರ್ ಹೇಳಿ ಸಾರ್." ಒಬ್ಬ ಗಂಡಸು ಹೇಳುತ್ತಾನೆ: "ಅದಿರಲಿ, ನಿಮ್ಮ ಗಾಡಿ ಈಗ ಎಲ್ಲಿದೆ?"

"ಹತ್ತಿರದ್ದನ್ನೇ ಕಳಿಸ್ತೀವಿ ಸಾರ್. ಮನೆ ನಂಬರ್?"

"ಎಷ್ಟು ನಿಮಿಷ ಆಗುತ್ತೆ ಅದು ಹೇಳಮ್ಮ ಮೊದಲು."

"ಹದಿನೈದು ಆಗಬಹುದು. ವಿಳಾಸ ಹೇಳಿದ್ರೆ ಗಾಡಿ ಹೊರಡುತ್ತೆ ಸಾರ್."

"ಹದಿನೈದು ಜಾಸ್ತಿಯಾಯ್ತು. ಹತ್ತು ಮಾಡು."

ಈ ಗಂಡಸು ಯಾರು ಎಂದು ಒಂದು ಕ್ಷಣ ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಇಂಥವನಿಗೆ ನಾನು ಒಂದು ಕುರ್ಚಿಯನ್ನೂ ಮಾರುತ್ತಿರಲಿಲ್ಲ. ಅವನು ಹತ್ತರಿಂದ ಹನ್ನೊಂದಕ್ಕೆ ಬಂದ, ಬೇರೆ ಆಸ್ಪತ್ರೆಗೆ ಫೋನು ಮಾಡುತ್ತೇನೆಂದು ಎದ್ದುಹೋಗುವವನಂತೆ ನಟಿಸಿದ, ಕೊನೆಗೆ ಹುಡುಗಿ ಸೋತು "ಆಯ್ತು ಸಾರ್, ಹನ್ನೆರಡು. ಮನೆ ನಂಬರ್?" ಎಂದಾಗ ಗೆದ್ದ ದನಿಯಲ್ಲಿ ನಂಬರು ಹೇಳಿದ. ನಮ್ಮ ಚೆನ್ನೈ ಗೋಡೆಗಳ ಮೇಲೆ ಹಳೆಯ ನಂಬರು, ಹೊಸ ನಂಬರು ಎರಡೂ ಇರುತ್ತವಲ್ಲ, ಯಾವುದೆಂದು ಅವಳು ಕೇಳಿದ್ದಕ್ಕೆ, "ಎರಡೂ ಬರೆದಿದೆ, ಬಂದು ನೋಡ್ಕೊಳ್ಳಲಿ" ಎಂದ. ಅವಳು ಐದು ಸಲ ನಂಬರು ಕೇಳಿದ್ದಳು, ಒಮ್ಮೆಯೂ ದನಿ ಏರಿಸಿರಲಿಲ್ಲ. ಅವಳ "ಪ್ರಶ್ನೆಯ ಮೇಲೆ ಪ್ರಶ್ನೆ" ಎಂದರೆ ಒಂದೇ ಪ್ರಶ್ನೆ, ಐದು ಸಲ. ಮೂರು ನಿಮಿಷ ಇಳಿಸುವುದಕ್ಕೆ ನಾನು ಎರಡೂವರೆ ನಿಮಿಷ ಖರ್ಚು ಮಾಡಿದ್ದೆ. ಇಳಿಸಿದ ಮೂರು ನಿಮಿಷವೂ ಬರೀ ಬಾಯಿಮಾತಿನದು. ಅವರ ದಾಖಲೆಯ ಪ್ರಕಾರ ಗಾಡಿ ತನಗೆ ಬೇಕಾದ ಹದಿನಾಲ್ಕು ನಿಮಿಷವನ್ನೇ ತೆಗೆದುಕೊಂಡಿತ್ತು.

ಅದರಲ್ಲಿ ಕನ್ನಡವೂ ಇತ್ತು. ನನ್ನ ಮಾತಿನ ಹಿಂದೆ, ದೂರದಲ್ಲಿ, ಅಕ್ಕನದು: "ರೀ, ಇಲ್ನೋಡ್ರೀ. ನನ್ನ ನೋಡ್ರೀ." ಆ ಬೆಳಿಗ್ಗೆ ಅದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಆ ಕಚೇರಿಯಲ್ಲಿ ಅದು ಅರ್ಥವಾಗುವವರು ಇಬ್ಬರೇ. ಅಧಿಕಾರಿಣಿ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದರು. ಅವು ಆಗಲೇ ಸರಿಯಾಗಿಯೇ ಇದ್ದವು.

"ಸಿ.ಡಿ. ಸಾರ್?"

"ಬೇಡ ಮೇಡಂ."

ಆಟೋದಲ್ಲಿ ಬರುವಾಗ ನನ್ನ ಭಾಷಣವನ್ನು ನಾನೇ ತಿದ್ದಿದೆ. ಫೋನು ಮಾಡಿದವನಿಗೆ ತನ್ನ ಕರೆಯನ್ನು ಕೇಳಿಸಲೇಬೇಕು. ಬೇಡವೆಂದರೂ ಒಮ್ಮೆ ಹಿಡಿದು ಕೂರಿಸಿ ಕೇಳಿಸುವುದು ಒಳ್ಳೆಯದು. ಫೋನೆತ್ತಿದವಳ ಮೇಲೆ ದೂರು ಬಂದರೆ ಅವಳಿಗೂ ಅದು ಸಿಗಬೇಕು, ಅವಳಿಗಿರುವ ಸಾಕ್ಷಿ ಅದೊಂದೇ. ಉಳಿದ ಊರಿಗೆ? "ನನ್ನ ನೋಡ್ರೀ" ಎಂಬ ಮಾತು ಯಾವ ತೆರಿಗೆಯ ದುಡ್ಡಿನಲ್ಲೂ ಬರುವುದಿಲ್ಲ. ಅದನ್ನು ಹಂಚಬೇಕೋ ಬೇಡವೋ ಎಂಬುದನ್ನು ಅಂದು ನೆಲದ ಮೇಲೆ ಮಲಗಿದ್ದವರು ಹೇಳಲಿ, ಅದನ್ನು ಆಡಿದವಳು ಹೇಳಲಿ. ಎರಡೂವರೆ ನಿಮಿಷಕ್ಕೂ ಭಾವನ ಕೈಗೂ ಲೆಕ್ಕ ಇದೆಯೇ ಎಂದು ಆಟೋದಿಂದಲೇ ಫೋನು ಮಾಡಿ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಬೆಲೆ ಕಟ್ಟಲಾಗದ ಸಾಮಾನು ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು.

ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿದೆ. ಭಾವ ನಿಧಾನವಾಗಿ ಮಾತು ಕೂಡಿಸಿಕೊಂಡು ಕೇಳಿದರು: "ಎಷ್ಟಕ್ಕೆ ಇಳಿಸ್ದೆ?"

"ಹನ್ನೆರಡಕ್ಕೆ ಭಾವ."

"ಹತ್ತಕ್ಕೆ ಬರ್ತಿತ್ತು. ಬಿಟ್ಕೊಟ್ಬಿಟ್ಟೆ."

ಅಕ್ಕ ನಗಲಿಲ್ಲ. ಎದ್ದುಹೋಗಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು. "ಕೆಲ್ಸ ಇಲ್ದೆ ಕೂತವ್ಳೆ ಕಣೋ ಆ ಹುಡ್ಗಿ, ನನ್ನ ಸಹಿಯಿಂದ. ಬರಿ. ಅವಳ್ದು ತಪ್ಪಿಲ್ಲ ಅಂತ ಬರಿ. ತಪ್ಪು ನಂದು ಅಂತಾನೂ ಬರಿ, ನಿನ್ನ ಸಹಿ ಹಾಕು."

"ಅವಳ್ದು ತಪ್ಪಿಲ್ಲ ಅಂದ್ರೆ ಸಾಕಲ್ಲಕ್ಕ?"

"ಎರಡೂ ಬರಿ."

ಬರೆದೆ. ಕೇಳಿದ ಬೆಲೆಯನ್ನು ಕೇಳಿದಷ್ಟೇ ಕೊಟ್ಟೆ. ಮೂರು ವಾರಕ್ಕೆ ಕಚೇರಿಯಿಂದ ಒಂದು ಸಾಲಿನ ಕಾಗದ ಬಂತು: ಆಕೆ ಮತ್ತೆ ಫೋನಿನ ಕೆಲಸಕ್ಕೆ ಮರಳಿದ್ದಾಳೆ. ಅಕ್ಕ ನನ್ನೊಡನೆ ಮಾತು ಶುರು ಮಾಡಿದ್ದು ಆ ಕಾಗದ ನೋಡಿದ ಮೇಲೆಯೇ.

ಈಗ ನಿಮಗೊಂದು ಸಲಹೆ, ಇದಕ್ಕೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಮನೆಯ ನಂಬರು, ಹಳೆಯದಿದ್ದರೆ ಅದೂ, ಬೀದಿ, ಎದುರಿಗೆ ಕಾಣುವ ಅಂಗಡಿ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕರೆ ಮಾಡಿದರೆ ಅದನ್ನು ಮೊದಲು ಓದಿ. ಆಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ. ದಾರಿ ಹೇಳಿಕೊಡಬೇಡಿ, ನಿಮಿಷ ಕೇಳಬೇಡಿ. ಹೇಗೂ ಯಾರೋ ಒಂದು ದಿನ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡೇ ಮಾತಾಡಿ. ವಾರಕ್ಕೊಮ್ಮೆ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿ. ನಮ್ಮ ಮನೆಯಲ್ಲಿ ಭಾನುವಾರ ಇದು ನಡೆಯುತ್ತದೆ. ಅಕ್ಕ ಫೋನಿನ ಹುಡುಗಿ, ಭಾವ ಎಡಗೈಯಲ್ಲಿ ಗಡಿಯಾರ ಹಿಡಿದಿರುತ್ತಾರೆ. ಸದ್ಯಕ್ಕೆ ಹನ್ನೊಂದು ಸೆಕೆಂಡಿನಲ್ಲಿ ಮುಗಿಸುತ್ತೇನೆ. ಒಂಬತ್ತು ಮಾಡು ಅನ್ನುತ್ತಾರೆ ಭಾವ.