ಯಾರದ್ದೂ ಅಲ್ಲದ ಮೂರಡಿ

ಸೈಟು ಅಳೆಯೋ ಕೆಲಸದಲ್ಲಿ ನಾನು ನೋಡದ ಜಗಳವಿಲ್ಲ. ಆದರೆ ಗೆದ್ದವರೇ ಗೆಲುವು ಬೇಡ ಅಂದದ್ದು ಒಂದೇ ಸಲ. ಆಗಿನ್ನೂ ಪುಟ್ಟೇನಹಳ್ಳಿ ಕಡೆ ಮನೆಗಳು ಅಲ್ಲೊಂದು ಇಲ್ಲೊಂದು. ಮಿಲಿಟರಿಯಿಂದ ರಿಟೈರಾದ ಸುಬೇದಾರರಿಗೂ ಪಕ್ಕದ ಮನೆಯ ಲಲಿತಮ್ಮನವರಿಗೂ ನಡುವಿನ ಮೂರಡಿ ಜಾಗಕ್ಕಾಗಿ ಐದು ವರ್ಷದಿಂದ ಮಾತಿರಲಿಲ್ಲ. ಸರಪಳಿ ಎಳೆದು ನೋಡಿದೆ. ಜಾಗ ಸುಬೇದಾರರದೇ.

"ಕಲ್ಲು ನೆಡಲಾ ಸಾರ್?"

ಅವರು ಅಲ್ಲಿದ್ದ ದಾಸವಾಳದ ಗಿಡವನ್ನೇ ನೋಡುತ್ತಾ ನಿಂತರು.

"ಬೇಡಪ್ಪ. ಬಾರ್ಡರ್‌ನಲ್ಲಿ ನಮಗೂ ಎದುರಿನವರಿಗೂ ನಡುವೆ ಯಾರದ್ದೂ ಅಲ್ಲದ ಒಂದು ಪಟ್ಟಿ ಇತ್ತು. ಅದು ಇದ್ದಿದ್ದಕ್ಕೇ ಎಷ್ಟೋ ದಿನ ಗುಂಡು ಹಾರಲಿಲ್ಲ. ಆಯಮ್ಮ ದಿನಾ ಪೂಜೆಗೆ ಇಲ್ಲಿಂದಲೇ ಹೂ ಕೀಳ್ತಾರೆ. ಜಾಗ ನಂದು ಅಂತಾದ್ರೆ ನನ್ನ ಕೇಳ್ಬೇಕಾಗುತ್ತೆ. ಸತ್ರೂ ಕೇಳಲ್ಲ, ಅಷ್ಟು ಹಠ. ಪಾಪ, ದೇವರಿಗೆ ಹೂವಿಲ್ಲದ ಹಾಗಾಗುತ್ತೆ."

ನಾನು ಹೊರಡುವಾಗ ಲಲಿತಮ್ಮ ತಮ್ಮ ಗೇಟಿನ ಹತ್ತಿರ ಕರೆದು ಮೆಲ್ಲಗೆ ಅಂದರು, "ಜಾಗ ಅವರದೇ ಅಂತ ನಂಗೂ ಗೊತ್ತು. ಆದ್ರೆ ಹಾಗಂತ ಬರೀಬೇಡಿ. ಬರೆದ್ರೆ ಆ ಗಿಡಕ್ಕೆ ನಾನು ನೀರು ಹಾಕೋ ಹಾಗಿಲ್ಲ. ಅವರಿಗಂತೂ ನೆನಪೇ ಇರಲ್ಲ."

ಇಬ್ಬರ ನೆಮ್ಮದಿಗೋಸ್ಕರ ರಿಪೋರ್ಟಿನಲ್ಲಿ ಬರೆದೆ: ‘ತಕರಾರು ಮುಂದುವರಿದಿದೆ.’