ಆರು ತಿಂಗಳ ಪಾಲಿನ ಕಾರು

ಅಪ್ಪ ತೀರಿಕೊಂಡ ಮರುವರ್ಷ ನಾನೂ ಅಣ್ಣನೂ ಪಾಲಾದೆವು. ನಾಸಿಕ್‌ನ ಹೋಟೆಲು ನನಗೆ, ಸಂಭಾಜಿನಗರದ ಹೋಟೆಲು ಅಣ್ಣನಿಗೆ. ಇಡ್ಲಿ ಅಟ್ಟ, ಹಿತ್ತಾಳೆ ಹಂಡೆ, ದೇವರ ಪಟಗಳು ಕೂಡ ಹೆಚ್ಚು ಗಲಾಟೆ ಇಲ್ಲದೆ ಎರಡಾದವು. ಎರಡಾಗಲು ಒಪ್ಪದೆ ಉಳಿದದ್ದು ಅಪ್ಪನ ಕಾರು ಮಾತ್ರ. ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇರುವ ಕಾಲದ ಕಾರು ಅದು. ತಯಾರಿಸಿದ ಕಂಪನಿಯವರೇ ಅದನ್ನು ಮರೆತು ಬಹಳ ವರ್ಷಗಳಾಗಿವೆ. ಈಗಿನ ಹುಡುಗರು ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಂಡು ‘ಕ್ಲಾಸಿಕ್’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಬಿರುದು ‘ಡಬ್ಬ’ ಎಂದಷ್ಟೇ ಇತ್ತು.

ಕುಂದಾಪುರದಿಂದ ಎರಡು ಬಸ್ಸು, ಒಂದು ರೈಲು ಹತ್ತಿ ಬಂದ ಸೋದರಮಾವ, ದಣಿವಾರಿಸಿಕೊಳ್ಳುವ ಮೊದಲೇ ತೀರ್ಪು ಕೊಟ್ಟರು. ಯುಗಾದಿಯಿಂದ ದಸರಾ ತನಕ ಕಾರು ತಮ್ಮನದು, ದಸರಾದಿಂದ ಯುಗಾದಿ ತನಕ ಅಣ್ಣನದು. ಪಾಳಿ ಮುಗಿದವನು ತಾನೇ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು, ಅಲ್ಲಿ ಒಂದು ಊಟ ಮಾಡಬೇಕು, ಬಸ್ಸಿನಲ್ಲಿ ವಾಪಸಾಗಬೇಕು. ಮಳೆಗಾಲವಿಡೀ ನನ್ನ ಪಾಲಿಗೆ ಬಂತು, ತುಕ್ಕೆಲ್ಲ ನನ್ನ ಲೆಕ್ಕಕ್ಕೆ ಬೀಳುತ್ತದೆ ಎಂದು ನಾನು ಆಕ್ಷೇಪಿಸಿದೆ. ಮಾವ ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದರು.

ಹೀಗೆ ಹನ್ನೆರಡು ವರ್ಷ ನಡೆಯಿತು. ನಾವೇನೂ ಮಾತು ಬಿಟ್ಟವರಲ್ಲ. ಮಾತು ಕಡಿಮೆ ಮಾಡಿಕೊಂಡವರು. ಯಾರಾದರೂ ತೀರಿಕೊಂಡರೆ ಫೋನು, ಇಲ್ಲದಿದ್ದರೆ ಇಲ್ಲ. ವರ್ಷಕ್ಕೆ ಎರಡು ಸಲ ಒಬ್ಬರು ಇನ್ನೊಬ್ಬರ ಮನೆಯಲ್ಲಿ ಉಂಡು, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳಿ ಬರುತ್ತಿದ್ದದ್ದು ಈ ಕಾರಿನ ದೆಸೆಯಿಂದ. ಕಾರು ನಿಂತರೆ ಅದೂ ನಿಲ್ಲುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಕಳೆದ ಗಣೇಶನ ಹಬ್ಬದ ಹೊತ್ತಿಗೆ ಎರಡನೆಯ ಗೇರು ತನ್ನಷ್ಟಕ್ಕೆ ಜಾರತೊಡಗಿದಾಗ ನಾನು ಗಾಬರಿಯಾಗಿ ರಿಪೇರಿಗೆ ಹೊರಟೆ. ಸುಮ್ಮನಿದ್ದರೆ ಜಾರುವ ಗೇರಿನಲ್ಲಾದರೂ ಸಂಭಾಜಿನಗರ ಮುಟ್ಟುತ್ತಿತ್ತೇನೊ.

ಮಿಸ್ತ್ರಿಯನ್ನು ಆರಿಸಿದ ಕ್ರಮವನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಅವರು ಬೀದರ್ ಕಡೆಯವರು. ಸಂಭಾಜಿನಗರದ ಪಕ್ಕದ ವಾಳೂಜ್‌ನ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡಿ, ಸಾಕಾಗಿ, ನಾಸಿಕ್‌ಗೆ ಬಂದು ನಮ್ಮ ಹಿಂದಿನ ಬೀದಿಯಲ್ಲಿ ಗ್ಯಾರೇಜ್ ಇಟ್ಟಿದ್ದರು. ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ನನ್ನ ಹೋಟೆಲಿಗೆ ಬಂದು, ಫ್ಯಾನಿನ ಕೆಳಗಿನ ಮೇಜಿನಲ್ಲಿ ಕೂತು, ನನ್ನ ಚಟ್ನಿಯನ್ನು ಒಂದು ಸಲವೂ ದೂರದೆ ತಿಂದವರು. ಕನ್ನಡ ಮಾತಾಡುವ, ಚಟ್ನಿ ದೂರದ ಮನುಷ್ಯನಿಗೆ ಗೇರ್‌ಬಾಕ್ಸ್ ಬಿಚ್ಚಲು ಬರುತ್ತದೆ ಎಂದು ನಾನು ತೀರ್ಮಾನಿಸಿದೆ. ಬೇರೆ ವಿಚಾರಣೆ ಮಾಡಲಿಲ್ಲ.

“ಚಿಂತಿ ಬಿಡ್ರಿ ಮಾಲಕ್ರೆ,” ಅಂದರು. “ಇಂಥಾ ಗಾಡಿ ನಮ್ಮ ಕಾಕಾಂದಿತ್ತು. ಕಣ್ಣು ಮುಚ್ಚಿ ಬಿಚ್ತೀನಿ.”

ಕಣ್ಣು ಮುಚ್ಚಿಯೇ ಬಿಚ್ಚಿದರೆಂದು ಆಮೇಲೆ ಅನುಮಾನವಾಯಿತು.

ದಸರಾದ ದಿನ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಮರುದಿನ ಬೆಳಿಗ್ಗೆ ಹೊರಟೆ. ಹೊಸ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ನಮ್ಮ ಡಬ್ಬವನ್ನು ಕಂಡು ಲಾರಿಯವರು ಮರುಗುತ್ತಾರೆ ಎಂದು ಯೇವಲಾ ಮೇಲಿನ ಹಳೆಯ ರಸ್ತೆ ಹಿಡಿದೆ. ವೈಜಾಪುರ ಬಂತು. ಊರು ದಾಟಿ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಎದುರು, ಕಾಲಡಿಯಲ್ಲಿ ಯಾರೋ ತಾಮ್ರದ ಕೊಡ ಬೀಳಿಸಿದಂಥ ಸದ್ದಾಯಿತು. ಹಿಂತಿರುಗಿ ನೋಡಿದರೆ ರಸ್ತೆಯ ಮೇಲೆ ಎಣ್ಣೆಯ ಗೆರೆ. ಗೇರು ಎರಡರಲ್ಲಿ ಕಚ್ಚಿಕೊಂಡು ಕೂತಿತ್ತು, ಅಲುಗಲೊಲ್ಲದು.

ಫೋನು ಮಾಡಿದೆ.

“ಸೆಕೆಂಡ್‌ನ್ಯಾಗ ಅದ ಅಂತೀರಲ್ಲ?” ಅಂದರು ಮಿಸ್ತ್ರಿ. “ಮತ್ ಹೋಗ್ತದಲ್ರಿ. ಹಂಗೇ ಹೋಗ್ರಿ.”

“ಎಣ್ಣೆಯೆಲ್ಲ ರಸ್ತೆಯಲ್ಲಿ ಉಂಟು ಮಾರಾಯ್ರೆ.”

“ಹಂಗಾದ್ರ ಹೋಗಬ್ಯಾಡ್ರಿ.”

ಇದು ಈ ವ್ಯಾಜ್ಯದಲ್ಲಿ ಅವರು ಕೊಟ್ಟ ಮೊದಲ ತಾಂತ್ರಿಕ ಸಲಹೆ.

ಟ್ರಕ್ಕೊಂದನ್ನು ಗೊತ್ತು ಮಾಡಿ, ಕಾರನ್ನು ಅದರ ಬೆನ್ನಿಗೆ ಏರಿಸಿ, ಡ್ರೈವರನ ಪಕ್ಕದಲ್ಲಿ ಕೂತು ನಾಸಿಕ್‌ಗೆ ಹಿಂತಿರುಗಿದೆ. ಹಾರ ಬಾನೆಟ್ಟಿನ ಮೇಲೆ ಇನ್ನೂ ಇತ್ತು, ದಾರಿಯುದ್ದಕ್ಕೂ ಜನ ಕೈಮುಗಿದರು. ಬಾಗಿಲು ಹಾಕಿದ್ದ ಗ್ಯಾರೇಜಿನ ಮುಂದೆ ಕಾರನ್ನು ಇಳಿಸಿ ಮನೆಗೆ ಹೋದೆ. ಅಣ್ಣನಿಗೆ ಫೋನಿನಲ್ಲಿ ಹೊಟ್ಟೆ ಸರಿ ಇಲ್ಲ ಅಂದೆ. “ಶುಂಠಿ ಕಷಾಯ ಕುಡಿ,” ಅಂದು ಇಟ್ಟ.

ಮರುದಿನ ಎಂಟಕ್ಕೆ ಸರಿಯಾಗಿ ಮಿಸ್ತ್ರಿ ಬಂದು ಫ್ಯಾನಿನ ಕೆಳಗೆ ಕೂತರು. ಇಡ್ಲಿ ವಡೆ ತರಿಸಿಕೊಂಡರು. ಇಲ್ಲಿ ನನ್ನ ಸಂಕಟ ಶುರುವಾಯಿತು. ಅಪ್ಪ ನಮಗಿಬ್ಬರಿಗೂ ಒಂದು ನಿಯಮ ಹಾಕಿ ಹೋಗಿದ್ದರು. ಎಲೆಯ ಮುಂದೆ ಕೂತ ಗಿರಾಕಿಯ ಹತ್ತಿರ ಜಗಳ ತೆಗೆಯಬಾರದು, ಅವನು ನಿನ್ನ ಮನೆ ಸುಟ್ಟವನಾದರೂ. ಕೈ ತೊಳೆದ ಮೇಲೆ ನೋಡಿಕೋ. ಎಲೆ ಹೋಗಿ ಸ್ಟೀಲ್ ತಟ್ಟೆ ಬಂದರೂ ನಿಯಮ ಹೋಗಿರಲಿಲ್ಲ. ಅದನ್ನು ನಾನು ಒಮ್ಮೆಯೂ ಮೀರಿದವನಲ್ಲ. ನಾನು ಗಲ್ಲಾದ ಮೇಲೆ ಕೂತು, ಅವರ ತಟ್ಟೆಯಲ್ಲಿ ಇಡ್ಲಿ ಸವೆಯುವುದನ್ನೇ ನೋಡುತ್ತ ಮಾತು ಜೋಡಿಸಿಕೊಂಡೆ. ಕೊನೆಯ ತುಣುಕು ಬಾಯಿಗೆ ಹೋಯಿತು. ಎದ್ದೆ.

“ಇನ್ನೊಂದ್ ಚಾ ಕೊಡ್ರಿ,” ಅಂದರು ಮಿಸ್ತ್ರಿ, ನನ್ನನ್ನಲ್ಲ, ಫ್ಯಾನನ್ನು ನೋಡುತ್ತ.

ಚಹಾದ ಲೋಟ ಎಲೆಯ ವ್ಯಾಖ್ಯೆಯೊಳಗೆ ಬರುತ್ತದೆಯೇ? ಅಪ್ಪ ಇದನ್ನು ಸ್ಪಷ್ಟಪಡಿಸಿರಲಿಲ್ಲ. ನಾನು ಕೂತು ವಿಚಾರ ಮಾಡಿದೆ. ತಿನ್ನುವುದಲ್ಲ, ಕುಡಿಯುವುದು, ಆದ್ದರಿಂದ ಬರುವುದಿಲ್ಲ ಎಂದು ಒಂದು ಪಕ್ಷ. ಬಾಯಿಗೆ ಹೋಗುವುದೆಲ್ಲ ಅನ್ನವೇ ಎಂದು ಇನ್ನೊಂದು. ಎರಡೂ ಪಕ್ಷದ ವಾದ ಮುಗಿಯುವಷ್ಟರಲ್ಲಿ ಅವರು ಹಿಂಬಾಗಿಲಿನಿಂದ ಹೋಗಿಯಾಗಿತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ನಾನೇ ಗ್ಯಾರೇಜಿಗೆ ಹೋದೆ.

“ಬರ್ರಿ ಮಾಲಕ್ರೆ, ಕುಂದುರ್ರಿ,” ಎಂದು ಸ್ಟೂಲು ಒರಸಿ ಕೂಡಿಸಿದರು. ಕೂತು ಬಾಯಿ ತೆರೆಯುವ ಮೊದಲೇ ನನ್ನ ಕೈಗೆ ಚಹಾ ಬಂತು. ತಮ್ಮ ಹೋಟೆಲಿನವರು ಬಂದರೆಂದು ಬಿಸ್ಕತ್ತಿನ ಪೊಟ್ಟಣವನ್ನೂ ಒಡೆದರು. ಈಗ ಲೋಟ ನನ್ನ ಮುಂದಿತ್ತು. ಅಪ್ಪನ ನಿಯಮ ಇನ್ನೊಬ್ಬರ ಚಹಾ ಕುಡಿಯುವವನಿಗೆ ಏನೂ ಹೇಳಿರಲಿಲ್ಲ, ಆದರೆ ಬಿಸ್ಕತ್ತು ಬಾಯಲ್ಲಿಟ್ಟುಕೊಂಡು ಗದರಿಸುವುದು ಕಷ್ಟ. ನುಂಗಿ ಕೇಳಿದೆ.

“ಏನಾಗಿದೆ ಹೇಳಿ.”

“ನೀವು ಕ್ಲಚ್ ಮ್ಯಾಲ ಕಾಲಿಟ್ಟೇ ಗಾಡಿ ಹೊಡೀತೀರಿ. ಅದಕ್ಕ ಆಗ್ಯಾದ.”

“ನಲವತ್ತು ವರ್ಷದಿಂದ ಹಾಗೇ ಓಡಿಸ್ತಾ ಇದ್ದೇನೆ. ನಲವತ್ತು ವರ್ಷ ಆಗಲಿಲ್ಲ, ನೀವು ಬಿಚ್ಚಿದ ಮೇಲೆ ಆಯ್ತು.”

“ನಲವತ್ತು ವರ್ಷದ್ದು ಈಗ ಕೂಡಿ ಬಂದದ್ರಿ.”

ಎದ್ದು ಬೆಂಚಿನ ಮೇಲೆ ಬಿಚ್ಚಿ ಹರಡಿದ್ದ ಗೇರುಗಳನ್ನು ನೋಡಿದೆ. ಎಲ್ಲ ಕಪ್ಪು, ಅವುಗಳ ನಡುವೆ ಒಂದು ಮಾತ್ರ ಬೆಳ್ಳಗೆ ಹೊಸದು. ಅದರ ಹಲ್ಲುಗಳಲ್ಲಿ ಅರ್ಧಕ್ಕರ್ಧ ಇರಲಿಲ್ಲ. ಮುರಿದ ಹಲ್ಲುಗಳು ಒಳಗೆಲ್ಲ ಓಡಾಡಿ, ಗೇರ್‌ಬಾಕ್ಸಿನ ಕವಚವನ್ನೇ ಸೀಳಿದ್ದವು.

“ಇದು ಎಲ್ಲಿಂದ ಬಂತು?”

ಮಿಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸುವುದು ಬಹಳ ಹೊತ್ತು ನಡೆಯಿತು. “ಹಳೀದು ಎಲ್ಲೂ ಸಿಗಲಿಲ್ರಿ. ಲೇಥ್‌ನವನ ಕಡಿಂದ ಮಾಡಿಸಿ ಹಾಕಿದೆ.”

“ನನಗೆ ಹೇಳಲಿಲ್ಲ.”

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ.”

“ಅಂತಿದ್ದೆ.”

“ಅದಕ್ಕ ಹೇಳಲಿಲ್ರಿ.”

ಸಿಟ್ಟು ಬರಬೇಕಾಗಿತ್ತು. ಬಂದದ್ದು ಆಯಾಸ. ಅರುವತ್ತು ದಾಟಿದ ಮೇಲೆ ಸಿಟ್ಟಿಗೂ ಒಂದು ಗೇರ್‌ಬಾಕ್ಸ್ ಬೇಕಾಗುತ್ತದೆ. “ಈಗೇನು?” ಅಂದೆ. “ನೋಡೂಣ್ರಿ,” ಅಂದರು. ನೋಡೋಣ ಎಂದರೆ ನೋಡುವುದಿಲ್ಲ ಎಂದೇ ಅರ್ಥ, ಅದು ಬೀದರಿನಲ್ಲೂ ಕುಂದಾಪುರದಲ್ಲೂ ಒಂದೇ. ವಾರದ ಮೇಲೆ ಎಲ್ಲವನ್ನೂ ಇದ್ದ ಹಾಗೇ ಮುಚ್ಚಿ, ಹಿಂದಿನ ಚಕ್ರಗಳನ್ನು ಟ್ರಾಲಿಯ ಮೇಲೆ ಕೂಡಿಸಿ, ನಾಲ್ಕು ಜನರಿಂದ ತಳ್ಳಿಸಿಕೊಂಡು ನನ್ನ ಹೋಟೆಲಿನ ಹಿತ್ತಲಿಗೆ ಕಾರನ್ನು ತಂದು ಬಿಟ್ಟರು. “ನಿಮ್ಮಲ್ಲಿ ನೆರಳು ಅದ,” ಎಂಬುದು ಅವರು ಕೊಟ್ಟ ಕಾರಣ.

ಈ ನಡುವೆ ಅಣ್ಣನಿಗೆ ಇನ್ನೆರಡು ಸುಳ್ಳು ಹೇಳಿದ್ದೆ. ಭಟ್ಟರು ಊರಿಗೆ ಹೋಗಿದ್ದಾರೆ, ಅಡುಗೆಮನೆಗೆ ನಾನೇ ನಿಲ್ಲಬೇಕು ಎಂದು ಒಂದು. ಹೊಟ್ಟೆ ಮತ್ತೆ ಕೆಟ್ಟಿತು ಎಂದು ಇನ್ನೊಂದು. ಎರಡನೆಯದಕ್ಕೆ ಅವನು ಕಷಾಯವನ್ನೂ ಹೇಳಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ದೀಪಾವಳಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಎಂಟೂಕಾಲಿಗೆ, ಅಣ್ಣ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ. ರಾತ್ರಿ ಬಸ್ಸಿನಲ್ಲಿ ಬಂದ ಮುಖ, ಕೈಯಲ್ಲಿ ಒಂದು ಚೀಲ. ಎಪ್ಪತ್ತು ದಾಟಿದವನು ಹೀಗೆ ಹೇಳದೆ ಬಂದದ್ದು ಈ ಹನ್ನೆರಡು ವರ್ಷದಲ್ಲಿ ಮೊದಲು. ಎಲ್ಲ ಮೇಜುಗಳೂ ಭರ್ತಿ. ಫ್ಯಾನಿನ ಕೆಳಗೆ ಒಂದು ಕುರ್ಚಿ ಖಾಲಿ ಇತ್ತು, ಮಿಸ್ತ್ರಿಯ ಎದುರು. ಹೋಗಿ ಕೂತ.

“ಹೊಟ್ಟೆ ಹೇಗುಂಟು?” ಎಂದು ಅಲ್ಲಿಂದಲೇ ಕೇಳಿದ.

“ಪರವಾಗಿಲ್ಲ.”

“ಕಾರಿನ ಹೊಟ್ಟೆ?”

ನಾನು ಮಿಸ್ತ್ರಿಯ ಕಡೆಗೆ ನೋಡಿದೆ. ಮಿಸ್ತ್ರಿ ಕೈಯಲ್ಲಿ ವಡೆ ಹಿಡಿದು ಹಾಗೇ ಕೂತಿದ್ದರು. ಅಣ್ಣ ನನ್ನ ಕಣ್ಣಿನ ಜಾಡು ಹಿಡಿದು ಅವರನ್ನು ನೋಡಿದ, ಅವರ ಉಗುರಿನ ಸಂದಿನ ಗ್ರೀಸು ನೋಡಿದ, ತಟ್ಟೆ ನೋಡಿದ. ಅರ್ಥವಾಯಿತು.

“ಇವರಾ?”

“ಇವರೇ.”

ಅಪ್ಪನ ನಿಯಮವನ್ನು ನಾನು ಪಾಲಿಸುತ್ತಿದ್ದೆ ಅಷ್ಟೇ, ಅಣ್ಣ ನಂಬಿದವನು. ಧ್ವನಿ ತಗ್ಗಿಸಿ, “ತಿನ್ನಿ ತಿನ್ನಿ. ನಿಧಾನ ತಿನ್ನಿ. ನನ್ನ ಬಸ್ಸು ಸಾಯಂಕಾಲಕ್ಕೆ,” ಅಂದ. ತನಗೂ ಒಂದು ಪ್ಲೇಟು ಇಡ್ಲಿ ಹೇಳಿದ.

ಇಬ್ಬರೂ ಎದುರುಬದುರು ಕೂತು ತಿಂದರು. ನಾನು ಗಲ್ಲಾದಲ್ಲಿ ಚಿಲ್ಲರೆ ತಪ್ಪುತಪ್ಪಾಗಿ ಕೊಡುತ್ತಿದ್ದೆ. ಮಿಸ್ತ್ರಿ ಎರಡನೆಯ ಚಹಾ ಹೇಳಿದರು. ಅಣ್ಣ ಕಾಫಿ ಹೇಳಿದ. ಮಿಸ್ತ್ರಿ ಮೂರನೆಯ ಚಹಾ ಹೇಳಿದರು. “ಸಕ್ಕರೆ ಸಾಕಾ ನೋಡಿಕೊಳ್ಳಿ,” ಅಂದ ಅಣ್ಣ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಮಿಸ್ತ್ರಿ ಲೋಟವನ್ನು ಬಾಯಿಯ ತನಕ ಎತ್ತಿ, ಕುಡಿಯದೆ ಕೆಳಗಿಟ್ಟರು. ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ವಾಪಸ್ ಬಂದು, ಅಣ್ಣನ ಮುಂದೆ ನಿಂತರು. ಹಿಂಬಾಗಿಲು ಅಲ್ಲೇ ಇತ್ತು.

“ನನ್ನ ಕೈಲೆ ಆಗಲ್ರಿ ಅಪ್ಪಾರೆ,” ಅಂದರು. “ಇವರಿಗೆ ನೋಡೂಣ ಅಂತ ಹೇಳಕೋತ ಬಂದೀನಿ. ಆಗಲ್ಲ. ಗೇರ್ ಕೆಟ್ಟಿತ್ತು, ನಾ ಬಾಕ್ಸೇ ಕೆಡಿಸೀನಿ. ಹನ್ನೊಂದು ವರ್ಷ ಇಲ್ಲಿ ಉಂಡೀನಿ, ಆಗಲ್ಲ ಅನ್ಲಿಕ್ಕೆ ಬಾಯಿ ಬರಲಿಲ್ಲ.”

ಅಣ್ಣ ಬೈಯುತ್ತಾನೆ ಎಂದುಕೊಂಡೆ. ಬೈಯಲು ಅವನಿಗೆ ಸಂಪೂರ್ಣ ಅಧಿಕಾರವಿತ್ತು, ಕೈಯೂ ತೊಳೆದಾಗಿತ್ತು. “ಇದನ್ನು ಮೊದಲೇ ಹೇಳಿದ್ರೆ ಇವನಿಗೆ ಅಷ್ಟು ಸಲ ಹೊಟ್ಟೆ ಕೆಡ್ತಿರಲಿಲ್ಲ,” ಅಂದ. ಅಷ್ಟೇ.

ಆಮೇಲೆ ನಾವಿಬ್ಬರೂ ಹಿತ್ತಲಿಗೆ ಹೋದೆವು. ಟಾರ್ಪಾಲು ಸರಿಸಿ ಅಣ್ಣ ಡ್ರೈವರ್ ಸೀಟಿನಲ್ಲಿ ಕೂತ. ಗೇರಿನ ಹಿಡಿಯನ್ನು ಒಂದೆರಡು ಸಲ ಎಳೆದು ನೋಡಿದ. ಅಲುಗಲಿಲ್ಲ. ಪಕ್ಕದ ಬಾಗಿಲು ತೆರೆದು ನಾನೂ ಕೂತೆ. ಎಲ್ಲಿ ನಿಂತಿತು, ಹೇಗೆ ತಂದೆ ಎಂದು ಕೇಳಿದ. ಇನ್ನು ಸುಳ್ಳು ಹೇಳುವ ಚೈತನ್ಯ ಇರಲಿಲ್ಲ, ಎಲ್ಲ ಹೇಳಿದೆ, ಹಾರಕ್ಕೆ ಜನ ಕೈಮುಗಿದದ್ದನ್ನೂ. ಅದಕ್ಕೆ ನಗುತ್ತಾನೆ ಎಂದುಕೊಂಡಿದ್ದೆ.

“ವೈಜಾಪುರದಾಚೆ ಅಂದ್ಯಲ್ಲ,” ಅಂದ, ಮುಂದಿನ ಗಾಜನ್ನೇ ನೋಡುತ್ತ. “ಅಲ್ಲಿಂದ ನಾಸಿಕ್ ದೂರವಾ, ನನ್ನ ಮನೆ ದೂರವಾ?”

“ನಾಸಿಕ್ ದೂರ.”

“ಎಷ್ಟು?”

“ಎರಡರಷ್ಟು ಇದ್ದೀತು.”

“ಟ್ರಕ್ಕಿಗೆ ಏರಿಸಿಯೇ ಆದ ಮೇಲೆ ನನ್ನಲ್ಲಿಗೇ ತರಬಹುದಿತ್ತಲ್ಲ ಮಾರಾಯಾ. ತಿರುಗಿಸಿದ್ದು ಯಾಕೆ?”

ಮಿಸ್ತ್ರಿಗೆ ಕೇಳಲು ನಾನು ಎಷ್ಟೊಂದು ಪ್ರಶ್ನೆಗಳನ್ನು ಜೋಡಿಸಿಕೊಂಡಿದ್ದೆ. ನನಗೇ ಯಾರಾದರೂ ಕೇಳಬಹುದು ಎಂದು ಹೊಳೆದಿರಲಿಲ್ಲ. ಕೆಟ್ಟ ಕಾರು ತಂದ ಎಂದು ನೀನು ಹೇಳುತ್ತಿ ಅಂತ, ಅಂದೆ. ಹೇಳುತ್ತಿದ್ದೆ ಅಂದ. ಹೇಳಿ, ಊಟಕ್ಕೆ ಕೂಡಿಸುತ್ತಿದ್ದೆ. ಅವತ್ತು ನಿನ್ನ ಅತ್ತಿಗೆ ಪತ್ರೊಡೆ ಮಾಡಿದ್ದಳು, ಮೂರು ದಿನ ನಾವೇ ತಿಂದೆವು.

ಅಡುಗೆಮನೆಯಿಂದ ಭಟ್ಟರು ಎರಡು ಸಲ ಇಣುಕಿದರು. ಗುಜರಿಗೆ ಕೊಟ್ಟುಬಿಡೋಣವೇ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಾಗೆ ಕೊಟ್ಟರೆ ಇನ್ನು ಮುಂದೆ ಯಾರು ಎಲ್ಲಿಗೆ ಏಕೆ ಹೋಗಬೇಕು ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ನಾನು ಅದನ್ನು ಆಡಲಿಲ್ಲ, ಅವನು ಕೇಳಲಿಲ್ಲ.

ಕೊನೆಗೆ ಅವನು ಬೀಗದ ಕೈಯನ್ನು ಎಳೆದು ತೆಗೆದು ಜೇಬಿಗೆ ಹಾಕಿಕೊಂಡ.

“ದಸರಾ ಮುಗಿದು ಹದಿನಾರು ದಿನ ಆಯ್ತು. ಈಗ ಕಾರು ನಂದು,” ಅಂದ. “ಇಲ್ಲೇ ನಿಲ್ಲಲಿ. ನನ್ನ ಕಾರು ನಿನ್ನ ಹಿತ್ತಲಲ್ಲಿ ಹೇಗುಂಟು ಅಂತ ನಾನು ಆಗಾಗ ಬಂದು ನೋಡ್ಲಿಕ್ಕುಂಟು. ಟಾರ್ಪಾಲು ಹೊಸದು ಹಾಕು, ಇದು ತೂತು.”

ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಾನೆ. ಕಾಲು ಗಂಟೆ ಕಾರಿನೊಳಗೆ ಕೂತು, ಬೆಕ್ಕು ಮಲಗಿದ ಗುರುತು ತೋರಿಸಿ, ನನ್ನ ಮೇಲೆ ಗಂಭೀರ ಆರೋಪ ಹೊರಿಸಿ, ಉಂಡು ಹೋಗುತ್ತಾನೆ. ಮಿಸ್ತ್ರಿ ವಾಳೂಜ್ ಕಡೆ ಹಳೆಯ ಗೇರ್‌ಬಾಕ್ಸ್ ವಿಚಾರಿಸುತ್ತೇನೆ ಅನ್ನುತ್ತಾರೆ. ಸಿಗದಿದ್ದರೂ ಅವಸರವಿಲ್ಲ ಎಂದು ನಾನು ಇನ್ನೂ ಅವರಿಗೆ ಹೇಳಿಲ್ಲ, ಅವರ ಮೇಲೆ ಅಷ್ಟಾದರೂ ಭಾರ ಇರಲಿ. ಯುಗಾದಿಗೆ ಇನ್ನು ಹನ್ನೊಂದು ದಿನ. ಆಮೇಲೆ ಪಾಳಿ ನನ್ನದು. ಬೀಗದ ಕೈ ತರಲು ನಾನೇ ಸಂಭಾಜಿನಗರಕ್ಕೆ ಹೋಗಬೇಕಂತೆ, ಕೊರಿಯರ್‌ನಲ್ಲಿ ಕಳಿಸುವುದಿಲ್ಲವಂತೆ. ಮೊಣಕಾಲು ನೋವು, ಬಸ್ಸಿನಲ್ಲಿ ಕೂರುವುದೆಂದರೆ ಬೇಸರ. ಟಿಕೆಟ್ ತೆಗೆಸಿದ್ದೇನೆ.