ಏಳನೇ ಕಲಮು

೨೦೧೯ರಲ್ಲಿ ನಾನು ಚಾಮರಾಜಪೇಟೆಯಲ್ಲಿ ಆಡಿಟರ್ ಆಗಿ ವೃತ್ತಿ ನಡೆಸುತ್ತಿದ್ದೆ. ಮಹಡಿಯ ಮೇಲೆ ಆಫೀಸು, ಇಪ್ಪತ್ತೆಂಟು ವರ್ಷದ ಅನುಭವ. ಈತನ ಕಕ್ಷಿದಾರರಿಗೆ ಯಾವ ಇಲಾಖೆಯಿಂದಲೂ ನೋಟಿಸು ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರಿನ ಜಂಬವೂ ಇತ್ತು.

ಬಸವನಗುಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದ ರಮೇಶ್ ನನ್ನ ಕಕ್ಷಿದಾರರು. ಪಿ.ಎಫ್., ಇ.ಎಸ್.ಐ. ಕಟ್ಟಿ ಸಾಕಾಗಿದೆ, ಏನಾದರೂ ದಾರಿ ಹೇಳಿ ಎಂದು ಬಂದರು. ಇ.ಎಸ್.ಐ. ಎಂದರೆ ತಿಂಗಳಿಗೆ ಇಪ್ಪತ್ತೊಂದು ಸಾವಿರದವರೆಗೆ ಸಂಬಳವಿರುವ ನೌಕರರಿಗೆ ಸರ್ಕಾರದ ವಿಮೆ. ಅದಕ್ಕೆ ಸಂಬಳದ ಲೆಕ್ಕದಲ್ಲಿ ನೌಕರನ ವಂತಿಗೆ ಶೇಕಡಾ ಮುಕ್ಕಾಲು, ಮಾಲೀಕನದು ಮೂರೂಕಾಲು. ಕಾಯಿಲೆಯಾದರೆ ಚಿಕಿತ್ಸೆ, ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಜೊತೆಗೆ ಸಂಬಳದ ಬಹುಪಾಲು.

ನಾನು ದಾರಿ ಹೇಳಿದೆ. ಏಳು ಜನ ಟೆಕ್ನಿಷಿಯನ್ನರು ರಾಜೀನಾಮೆ ಕೊಟ್ಟು, ಮರುದಿನ ‘ಕನ್ಸಲ್ಟೆಂಟ್’ಗಳಾಗಿ ಬರಬೇಕು. ಆಗ ಅವರಿಗೆ ಕೊಡುವುದು ಸಂಬಳವಲ್ಲ, ಫೀಸು. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಶೇಕಡಾ ಹತ್ತು ಟಿ.ಡಿ.ಎಸ್. ಹಿಡಿದು ಆದಾಯ ತೆರಿಗೆಗೆ ಕಟ್ಟಿದರಾಯಿತು. ಅವರಿಗೆ ತೆರಿಗೆಯೇ ಬರುವುದಿಲ್ಲವಾದ್ದರಿಂದ ರಿಟರ್ನ್ಸ್ ಸಲ್ಲಿಸಿದರೆ ಅಷ್ಟೂ ವಾಪಸು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ರಮೇಶ್ ಕೈಕುಲುಕಿದರು.

ಆದರೆ ಅವರು ಬೆಳಿಗ್ಗೆ ಅದೇ ಆರೂವರೆಗೆ ಬರಬೇಕು, ಅದೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕು, ರಜೆಗೆ ಅದೇ ರಮೇಶರನ್ನು ಕೇಳಬೇಕು. ಹೀಗಿರುವಾಗ ಕಾಗದದಲ್ಲಿ ಏನೆಂದು ಕರೆದರೂ ಕಾನೂನಿನ ಕಣ್ಣಿಗೆ ಅವರು ನೌಕರರೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳುವವರು ಯಾರು ಎಂಬ ಧೈರ್ಯ ನನ್ನದು.

ಸಹಿಯ ದಿನ ನಾನೇ ಲ್ಯಾಬಿಗೆ ಹೋಗಿ ಕುಳಿತಿದ್ದೆ. ಒಪ್ಪಂದ ಇಂಗ್ಲಿಷಿನಲ್ಲಿತ್ತು. ಓಕಳಿಪುರಂನ ಶೈಲಜಾ, ಹದಿನೆಂಟು ಸಾವಿರ ಸಂಬಳದವರು, ಪೆನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದರು.

“ಇ.ಎಸ್.ಐ. ಕಾರ್ಡ್ ಇರತ್ತಲ್ವಾ ಸರ್?”

“ವರ್ಷಕ್ಕೊಂದ್ಸಲ ಒಟ್ಟಿಗೆ ದುಡ್ಡು ಬರತ್ತಮ್ಮ, ಸೈನ್ ಹಾಕಿ,” ಎಂದೆ. ಕೇಳಿದ್ದೊಂದು, ಹೇಳಿದ್ದೊಂದು. ಆಕೆ ಸಹಿ ಹಾಕಿದರು.

ಮುಂದಿನ ವರ್ಷ ಇಪ್ಪತ್ತೊಂದು ಸಾವಿರದ ಆರುನೂರು ರೂಪಾಯಿ ರಿಫಂಡ್ ಬಂದಾಗ, ಅದನ್ನು ನಾನೇ ಕೊಡಿಸಿದೆನೆಂದು ತಿಳಿದು ಮನೆಯಲ್ಲಿ ಮಾಡಿದ ಕೋಡುಬಳೆ ತಂದುಕೊಟ್ಟರು. ತಿಂಗಳು ತಿಂಗಳು ಅವರಿಂದಲೇ ಹಿಡಿದ ಹಣವದು. ನಾನು ವಿವರಿಸಲಿಲ್ಲ. ಕೋಡುಬಳೆ ತಿಂದೆ, ಚೆನ್ನಾಗಿದೆ ಎಂದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

೨೦೨೨ರಲ್ಲಿ ಒಂದು ಬೆಳಿಗ್ಗೆ, ವಯಸ್ಸಾದವರೊಬ್ಬರ ಮನೆಗೆ ರಕ್ತದ ಸ್ಯಾಂಪಲ್ ತರಲು ಹೊರಟಿದ್ದ ಶೈಲಜಾರ ಸ್ಕೂಟರಿಗೆ ಗಾಂಧಿಬಜಾರಿನ ಬಳಿ ಆಟೋ ಗುದ್ದಿತು. ತೊಡೆಯ ಮೂಳೆ ಮುರಿಯಿತು. ಕಾಟನ್‌ಪೇಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಗಂಡ ಹಳೆಯ ಕಾರ್ಡು ಹಿಡಿದು ಇ.ಎಸ್.ಐ. ಆಸ್ಪತ್ರೆಗೆ ಓಡಿದರು. ಈ ನಂಬರು ನಿಂತು ಮೂರು ವರ್ಷವಾಯಿತು ಎಂದು ಅಲ್ಲಿಯವರು ಹೇಳಿದರಂತೆ. ಖಾಸಗಿ ಆಸ್ಪತ್ರೆಯ ಮುಂಗಡ ಹೊಂದಿಸಿ ಆಪರೇಷನ್ ಆಗುವಾಗ ಒಂಬತ್ತು ದಿನ ಕಳೆದಿತ್ತು.

ಎರಡು ತಿಂಗಳ ಮೇಲೆ, ಗಂಡನ ಹೆಗಲು ಹಿಡಿದು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಆ ಒಪ್ಪಂದ. ಇದರಲ್ಲಿ ಏನಿದೆ, ಓದಿ ಹೇಳಿ ಎಂದರು. ಏಳನೇ ಕಲಮನ್ನು ಕನ್ನಡದಲ್ಲಿ ಹೇಳಿದೆ: ಅನಾರೋಗ್ಯ, ಅಪಘಾತಗಳ ವಿಮೆಯ ಹೊಣೆ ಪೂರ್ತಿ ಕನ್ಸಲ್ಟೆಂಟರದು.

“ನೀವು ಪಕ್ಕದಲ್ಲೇ ಕೂತಿದ್ರಲ್ಲ ಸರ್,” ಎಂದರು. “ತಪ್ಪೇನಾದ್ರೂ ಇದ್ರೆ ನೀವು ಹೇಳ್ತಿದ್ರಿ ಅಂದ್ಕೊಂಡು ಸೈನ್ ಹಾಕ್ದೆ.”

“ಇದನ್ನ ಬರೆದೋನೇ ನಾನಮ್ಮ,” ಎಂದೆ.

ಗಂಡ ನೆಲ ನೋಡಿದರು. ಈಗ ಏನು ಮಾಡಬೇಕು ಎಂದು ಆಕೆಯೇ ಕೇಳಿದರು. ಆಕೆ ಲ್ಯಾಬಿನ ನೌಕರರೇ ಎಂದು ಸಾಧಿಸುವ ಅರ್ಜಿಯೊಂದನ್ನು ಇ.ಎಸ್.ಐ. ಕಚೇರಿಗೆ ಬರೆದುಕೊಟ್ಟೆ. ಈ ಏರ್ಪಾಡು ಹೇಗಾಯಿತೆಂದು ನೀವೂ ಒಂದು ಹೇಳಿಕೆ ಕೊಡುತ್ತೀರಾ ಎಂದು ಆಕೆ ಕೇಳಿದಾಗ, ಕಕ್ಷಿದಾರರ ಗುಟ್ಟು ಹೊರಗೆ ಹೇಳುವಂತಿಲ್ಲ ಎಂದೆ. ನಿಯಮ ಹಾಗೇ ಇದೆ, ನಿಜ. ಅಧಿಕಾರಿ ಕಾನೂನಿನಂತೆ ಸಮನ್ಸ್ ಕೊಟ್ಟು ಕರೆದರೆ ಹೇಳಲೇಬೇಕಾಗುತ್ತದೆ ಎಂಬ ಅರ್ಧವನ್ನು ಮಾತ್ರ ನಾನು ಹೇಳಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ.

ಸಾಕ್ಷಿ ಹೇಳಿದವರು ಲ್ಯಾಬಿನ ಇಬ್ಬರು ಟೆಕ್ನಿಷಿಯನ್ನರು. ಅವರಲ್ಲೊಬ್ಬರಿಗೆ ರಮೇಶ್ ಮರುವಾರದಿಂದ ಕೆಲಸ ಕೊಡಲಿಲ್ಲ. ನನ್ನ ಆಫೀಸು ಎಂದಿನಂತೆ ನಡೆಯಿತು.

ಹದಿನಾಲ್ಕು ತಿಂಗಳ ನಂತರ ಆದೇಶ ಶೈಲಜಾರ ಪರವಾಗಿ ಬಂತು. ಚಿಕಿತ್ಸೆಯ ಖರ್ಚು, ಮಲಗಿದ್ದ ದಿನಗಳ ಸಂಬಳದ ಬಹುಪಾಲು ಸಿಕ್ಕಿತು. ತಡವಾಗಿ ಕೂಡಿದ ಮೂಳೆ ಮಾತ್ರ ನೆಟ್ಟಗಾಗಲಿಲ್ಲ. ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ ಇನ್ನು ಅವರಿಂದಾಗದು. ವಿಷಯ ತಿಳಿಸಲು ಈ ಸಲ ಒಬ್ಬರೇ ಬಂದವರು ಮೆಟ್ಟಿಲು ಹತ್ತಲಾರದೆ ಕೆಳಗಿನಿಂದ ಫೋನ್ ಮಾಡಿದರು. ನಾನೇ ಇಳಿದುಹೋದೆ.

“ಅರ್ಜಿ ತುಂಬ ಚೆನ್ನಾಗಿದೆ, ಬರ್ಕೊಟ್ಟೋರು ಯಾರು ಅಂತ ಸಾಹೇಬ್ರು ಕೇಳಿದ್ರು ಸರ್,” ಎಂದರು. “ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಗೊತ್ತಿಲ್ಲ ಅಂದ್ಬಿಟ್ಟೆ.”



ಉಳಿತಾಯದ ದಾರಿ ಕೇಳಿ ಬಂದವರನ್ನು, ನಾಳೆ ನಿಮ್ಮ ಕೆಲಸದವರು ಬಿದ್ದರೆ ಎತ್ತುವವರು ಯಾರು ಎಂದು ಮೊದಲು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ಇನ್ನೊಬ್ಬರ ಕಾಲಿನ ಮೇಲೆ. ಮರುದಿನ ಇ.ಎಸ್.ಐ. ಕಚೇರಿಗೆ ಎಲ್ಲವನ್ನೂ ಬರೆದು, ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ. ಪ್ರಕರಣ ಮುಗಿದಿದೆ, ತಮ್ಮ ಹೇಳಿಕೆಯ ಅಗತ್ಯವಿಲ್ಲ ಎಂದು ಉತ್ತರ ಬಂತು.